ಹೊಣೆ ಯಾರು?

ನಮ್ಮ ನಿಟ್ಟುವಳ್ಳಿ ಕಡೆ ಒಂದು ಸುಲಿಗೆಯೋ ಹೊಡೆದಾಟವೋ ಆಯಿತೆಂದರೆ ಅದರ ಸುದ್ದಿ ಎರಡು ಸಲ ಬರುತ್ತದೆ. ಮೊದಲನೇ ಸಲ, ‘ಹಿಡಿದ್ರಂತೆ’. ಒಂದೆರಡು ತಿಂಗಳು ಬಿಟ್ಟು ಎರಡನೇ ಸಲ, ‘ಬಿಟ್ಟುಬಿಟ್ರಂತೆ’. ಎರಡನೆಯದನ್ನು ಹೇಳುವಾಗ ಜನರ ದನಿ ಇಳಿದಿರುತ್ತದೆ. “ಪೊಲೀಸ್ನೋರು ಕಷ್ಟಪಟ್ಟು ಹಿಡೀತಾರೆ, ಕೋರ್ಟ್ನೋರು ಸಲೀಸಾಗಿ ಬಿಡ್ತಾರೆ ನೋಡ್ರಿ” ಅನ್ನೋದು ಟೀ ಅಂಗಡಿಯ ತೀರ್ಪು. ಬೆಂಗಳೂರಿನ ನಮ್ಮ ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇದೇ ತೀರ್ಪು, ಭಾಷೆ ಮಾತ್ರ ಬೇರೆ.

ನಾನು ವಕೀಲನಲ್ಲ, ಇತಿಹಾಸ ಓದುವ ಚಟದವನು. ಆದರೂ ಈ ‘ಬಿಟ್ಟುಬಿಟ್ರಂತೆ’ ನನ್ನನ್ನು ಬಹಳ ದಿನ ಕಾಡಿತು. ಕೋರ್ಟು ಯಾವುದನ್ನು ನೋಡಿ ಬಿಡುತ್ತದೆ? ಯಾವುದನ್ನು ನೋಡಿ ಬಿಡುವುದಿಲ್ಲ? ಹುಡುಕುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ‘ಇವನು ಮಾಡಿದ್ದಾನಾ?’ ಅನ್ನೋದು ಜಾಮೀನಿನ ಪ್ರಶ್ನೆಯೇ ಅಲ್ಲ. ಅದು ವಿಚಾರಣೆಯ ಪ್ರಶ್ನೆ. ಜಾಮೀನಿನ ಪ್ರಶ್ನೆ ‘ಇವನು ಕರೆದಾಗ ಬರುತ್ತಾನಾ? ಬರುತ್ತಾನೆ ಅಂತ ಹೇಳೋಕೆ ಯಾರಿದ್ದಾರೆ?’ ಎಂಬುದು. ಈ ಪ್ರಶ್ನೆಗೆ ನಮ್ಮ ಭಾಷೆಯಲ್ಲೇ ಸಾವಿರ ವರ್ಷಗಳ ನೆನಪಿದೆ.

ಮೂರು ಪದ ನೋಡಿ. ‘ಬೇಲ್’ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಕೈಗೆ ಒಪ್ಪಿಸುವುದು ಎಂದರ್ಥ. ‘ಜಾಮೀನು’ ಅರಬ್ಬಿ ಮೂಲದ್ದು, ಪಾರಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂತು. ಮೂಲದಲ್ಲಿ ಅದು ಕಾಗದದ ಹೆಸರಲ್ಲ, ಮನುಷ್ಯನ ಹೆಸರು. ಇನ್ನೊಬ್ಬನ ಪರವಾಗಿ ನಿಲ್ಲುವವನು. ಇವೆರಡಕ್ಕೂ ಮುಂಚೆ ನಮ್ಮಲ್ಲಿ ‘ಹೊಣೆ’ ಇತ್ತು, ಹಳಗನ್ನಡದಲ್ಲಿ ‘ಪೊಣೆ’. ಇವತ್ತಿಗೂ ಹಳ್ಳಿಯಲ್ಲಿ ‘ಅವನಿಗೆ ನಾನು ಹೊಣೆ’ ಅಂದರೆ ಮಾತು ಮುಗೀತು.

ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಹಿಂದೂ ಆಸ್ತಿ ಕಾನೂನಿಗೆ ಸಂಬಂಧಿಸಿ ಅದರ ಹೆಸರು ಕೇಳಿರುತ್ತೀರಿ. ಅದರಲ್ಲಿ ಹೊಣೆಗಾರರ ವಿಷಯವೂ ಇದೆ. ಹೊಣೆ ಮೂರು ಬಗೆ: ಆ ವ್ಯಕ್ತಿಯನ್ನು ಹಾಜರುಪಡಿಸುತ್ತೇನೆ ಎನ್ನುವವನು, ಅವನು ನಂಬಿಕಸ್ಥ ಎನ್ನುವವನು, ಅವನು ಕೊಡದಿದ್ದರೆ ಹಣ ನಾನು ಕೊಡುತ್ತೇನೆ ಎನ್ನುವವನು. ಮೊದಲೆರಡು ಬಗೆಯ ಹೊಣೆಗಾರ ಸತ್ತರೆ ಮಕ್ಕಳ ಮೇಲೆ ಭಾರವಿಲ್ಲ. ಮೂರನೆಯದರಲ್ಲಿ ಮಾತ್ರ ಮಕ್ಕಳೂ ತೀರಿಸಬೇಕು. ವ್ಯಾಜ್ಯ ನಡೆಯುವಾಗ ಎರಡೂ ಕಡೆಯಿಂದ ಸಮರ್ಥ ಹೊಣೆಗಾರರನ್ನು ತೆಗೆದುಕೊಳ್ಳಬೇಕು. ಹೊಣೆಗಾರನೇ ಇಲ್ಲದವನನ್ನು ಏನು ಮಾಡೋದು? ಅದಕ್ಕೆ ಅಲ್ಲಿ ಕಾತ್ಯಾಯನನ ಮಾತು ಬರುತ್ತದೆ: ಅವನನ್ನು ಕಾವಲಿನಲ್ಲಿಡಬೇಕು, ಮತ್ತು ದಿನದ ಕೊನೆಗೆ ಕಾವಲುಗಾರನ ಕೂಲಿಯನ್ನು ಅವನೇ ಕೊಡಬೇಕು. ಯಾರೂ ಇಲ್ಲದವನು ತನ್ನ ಸೆರೆಯ ಖರ್ಚನ್ನು ತಾನೇ ಹೊರಬೇಕಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸುಲಿಗೆಯ ಕತೆ ಮಾತ್ರ ಬೇರೆ. ದರೋಡೆಕೋರರನ್ನು ಕಂಡರೆ ಈಸ್ಟ್ ಇಂಡಿಯಾ ಕಂಪನಿಗೆ ಎಷ್ಟು ಭಯ ಇತ್ತೆಂದರೆ, 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ಮಾಡಿದ ನಿಯಮದ ಪ್ರಕಾರ ಡಕಾಯಿತನನ್ನು ಅವನ ಊರಲ್ಲೇ ಗಲ್ಲಿಗೇರಿಸಬೇಕು, ಊರಿಗೆ ದಂಡ ಹಾಕಬೇಕು, ಅವನ ಕುಟುಂಬದವರು ಸರ್ಕಾರದ ಗುಲಾಮರಾಗಬೇಕು. 1860ರ ಭಾರತೀಯ ದಂಡ ಸಂಹಿತೆ ಆ ಕ್ರೌರ್ಯವನ್ನು ಕೈಬಿಟ್ಟು ಲೆಕ್ಕಾಚಾರದ ಭಾಷೆಗೆ ಬಂತು. ಕಳ್ಳತನಕ್ಕೆ ಹೊಡೆತವೋ ಹೆದರಿಕೆಯೋ ಸೇರಿದರೆ ಸುಲಿಗೆ. ಐದು ಅಥವಾ ಹೆಚ್ಚು ಜನ ಸೇರಿ ಮಾಡಿದರೆ ಡಕಾಯಿತಿ. ಸುಲಿಗೆಗೆ ಹತ್ತು ವರ್ಷದವರೆಗೆ ಶಿಕ್ಷೆ. ಹೆದ್ದಾರಿಯಲ್ಲಿ, ಸೂರ್ಯ ಮುಳುಗಿ ಮತ್ತೆ ಹುಟ್ಟುವುದರೊಳಗೆ ನಡೆದರೆ ಹದಿನಾಲ್ಕು. ಸುಲಿಗೆ ಮಾಡುವಾಗ ಗಾಯ ಮಾಡಿದರೆ 394ನೇ ಕಲಂ: ಹತ್ತು ವರ್ಷದವರೆಗೆ, ಇಲ್ಲವೇ ಜೀವಮಾನವಿಡೀ ಕರಿನೀರು.

ಈ ‘ಕರಿನೀರು’ ಜಾಮೀನಿನ ಇತಿಹಾಸದಲ್ಲಿ ದೊಡ್ಡ ಪಾತ್ರಧಾರಿ. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಮೊದಲು ಇದ್ದ ನಿಯಮ ಬಲು ಬಿಗಿ. ಜಾಮೀನು ರಹಿತ ಅಪರಾಧ ಯಾವುದೇ ಇರಲಿ, ಆರೋಪಿ ತಪ್ಪಿತಸ್ಥ ಎಂದು ನಂಬಲು ಸಕಾರಣ ಕಂಡರೆ ಬಿಡುವ ಹಾಗಿಲ್ಲ. 1923ರ ತಿದ್ದುಪಡಿ ಈ ಬೇಲಿಯನ್ನು ಚಿಕ್ಕದು ಮಾಡಿತು. ಮರಣದಂಡನೆ ಅಥವಾ ಜೀವಮಾನದ ಕರಿನೀರು ಇರುವ ಅಪರಾಧಗಳಿಗೆ ಮಾತ್ರ ಈ ನಿಷೇಧ. ಸ್ವಾತಂತ್ರ್ಯ ಬಂತು, ಕರಿನೀರು ಹೋಯಿತು, ಕಾನೂನಿನ ಪುಸ್ತಕದಲ್ಲಿ ಅದರ ಜಾಗಕ್ಕೆ ‘ಜೀವಾವಧಿ ಸೆರೆವಾಸ’ ಬಂದು ಕೂತಿತು. 1973ರ ಸಂಹಿತೆಯಲ್ಲೂ ಅದೇ ಬೇಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಮಿನಲ್ಲೂ ಅದೇ. ಅಂಡಮಾನಿನ ಹಡಗು ನಿಂತು ಎಷ್ಟೋ ಕಾಲವಾಯಿತು. ಅದರ ನೆರಳು ಮಾತ್ರ ದಾವಣಗೆರೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಇನ್ನೂ ಇದೆ.

ನಮ್ಮ ಊರಿನ ಮಟ್ಟಿಗೆ ಇನ್ನೊಂದು ವಿಶೇಷ. ದಾವಣಗೆರೆ, ಹರಿಹರ ಮೈಸೂರು ಸಂಸ್ಥಾನದಲ್ಲಿದ್ದವು. ಸಂಸ್ಥಾನಕ್ಕೆ 1904ರಿಂದ ತನ್ನದೇ ದಂಡ ಪ್ರಕ್ರಿಯಾ ಸಂಹಿತೆ ಇತ್ತು. ತುಂಗಭದ್ರೆ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ ಮುಂಬಯಿ ಪ್ರಾಂತ್ಯ, ಬ್ರಿಟಿಷರ 1898ರ ಸಂಹಿತೆ. ಈ ದಡದಲ್ಲಿ ಸುಲಿಗೆ ಮಾಡಿ ಆ ದಡಕ್ಕೆ ಓಡಿದವನು ಬೇರೊಂದು ಸರ್ಕಾರದ ನೆಲದಲ್ಲಿ ನಿಂತಿರುತ್ತಿದ್ದ. ಕೇಂದ್ರದ ಸಂಹಿತೆ ಮೈಸೂರಿಗೂ ಬಂದದ್ದು 1951ರಲ್ಲಿ. ಹಾಗಂತ ನದಿ ಪೂರ್ತಿ ಅಳಿಸಿಹೋಗಿಲ್ಲ. ಇವತ್ತಿಗೂ ರಾಣೆಬೆನ್ನೂರಿನ ಆರೋಪಿಯ ಹೈಕೋರ್ಟ್ ಅರ್ಜಿ ಧಾರವಾಡ ಪೀಠಕ್ಕೆ, ಹರಿಹರದವನದ್ದು ಬೆಂಗಳೂರಿಗೆ.

ಈಗ ಒಂದು ಉದಾಹರಣೆ ಕಟ್ಟೋಣ. ರಾತ್ರಿ ಹನ್ನೊಂದು ಗಂಟೆ. ಬಸ್ಸಿಳಿದು ನಿಟ್ಟುವಳ್ಳಿಗೆ ನಡೆದು ಹೊರಟವನನ್ನು ಬೈಕಿನಲ್ಲಿ ಬಂದ ಇಬ್ಬರು ಅಡ್ಡಗಟ್ಟುತ್ತಾರೆ. ಫೋನು, ಕೊರಳಿನ ಚೈನು ಹೋಗುತ್ತದೆ.

ಫೋನನ್ನು ಕೈಯಿಂದ ಕಸಿದುಕೊಂಡು ಓಡಿದ್ದಷ್ಟೇ ಆದರೆ ಹೊಸ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ, ಕಸಿಯುವಿಕೆ. ಮೂರು ವರ್ಷದವರೆಗೆ ಶಿಕ್ಷೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಪೊಲೀಸರು ಕಾರಣ ಬರೆಯದೆ ಸುಮ್ಮನೆ ಬಂಧಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ಚಾಕು ತೋರಿಸಿದ್ದರೆ 309, ಸುಲಿಗೆ. ಚೈನು ಕೀಳುವಾಗ ಕೊರಳಿಗೆ ಬೇಕೆಂದೇ ಗಾಯ ಮಾಡಿದ್ದರೆ 309ರ ಆರನೇ ಉಪಕಲಂ, ಅದಕ್ಕೆ ಜೀವಾವಧಿವರೆಗೆ ಶಿಕ್ಷೆ. ಅಲ್ಲಿಗೆ ಕರಿನೀರಿನ ಬೇಲಿ ಬಂತು. ಆರೋಪ ನಂಬಲು ಸಕಾರಣ ಕಂಡರೆ ಮ್ಯಾಜಿಸ್ಟ್ರೇಟರ ಕೈ ಸಾಮಾನ್ಯವಾಗಿ ಕಟ್ಟಿದ ಹಾಗೆ. ಹೆಂಗಸು, ಮಗು, ಕಾಯಿಲೆಯವರಿಗೆ ವಿನಾಯಿತಿ ಕೊಡಬಹುದು. ಉಳಿದವರು ಸೆಷನ್ಸ್ ಕೋರ್ಟಿಗೆ, ಅಲ್ಲೂ ಆಗದಿದ್ದರೆ ಹೈಕೋರ್ಟಿಗೆ.

ಮೇಲಿನ ಕೋರ್ಟುಗಳ ಕೈ ಹೀಗೆ ಕಟ್ಟಿಲ್ಲ ಎಂಬುದಕ್ಕೂ ಒಂದು ಇತಿಹಾಸವಿದೆ. 1929ರ ಮೀರತ್ ಪಿತೂರಿ ಪ್ರಕರಣದಲ್ಲಿ ಕಾರ್ಮಿಕ ನಾಯಕರ ಜೊತೆ ಹಚಿನ್‌ಸನ್ ಎಂಬ ಇಂಗ್ಲಿಷ್ ಪತ್ರಕರ್ತನನ್ನೂ ಹಿಡಿದಿದ್ದರು. ಆರೋಪಕ್ಕೆ ಜೀವಮಾನದ ಕರಿನೀರು ಇತ್ತು. 1931ರಲ್ಲಿ ಅಲಹಾಬಾದ್ ಹೈಕೋರ್ಟ್, ಕೆಳಗಿನ ಕೋರ್ಟಿನ ನಿಷೇಧ ತನಗೆ ಅನ್ವಯಿಸುವುದಿಲ್ಲ, ಜಾಮೀನು ಕೊಡುವುದೇ ಸಾಮಾನ್ಯ ನಿಯಮ, ನಿರಾಕರಿಸುವುದು ಅಪವಾದ ಎಂದಿತು. ಈಗ ಎಲ್ಲರ ಬಾಯಲ್ಲಿರುವ ‘ಜೈಲಲ್ಲ, ಬೇಲು’ ಎಂಬ ಸೂತ್ರವನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹೇಳಿದ್ದು 1977ರಲ್ಲಿ. ಅದಕ್ಕೂ ನಲವತ್ತಾರು ವರ್ಷ ಮುಂಚೆ, ಬ್ರಿಟಿಷರದ್ದೇ ಕೋರ್ಟು ಬ್ರಿಟಿಷ್ ಸರ್ಕಾರಕ್ಕೇ ಅದನ್ನು ಹೇಳಿತ್ತು.

ಸರಿ, ಸೆಷನ್ಸ್ ನ್ಯಾಯಾಧೀಶರ ಮುಂದೆ ಅರ್ಜಿ ಬಂತು. ಪಿಪಿ ತಕರಾರು ಸಲ್ಲಿಸಿದ್ದಾರೆ. ಈಗ ನೋಡುವುದೇನು?

ಮೊದಲು, ಆರೋಪಿಯ ಕೊಂಡಿ ಎಷ್ಟು ಗಟ್ಟಿ ಎಂಬುದು. ಸುಲಿಗೆ ಕೇಸುಗಳಲ್ಲಿ ಎಫ್‌ಐಆರ್‌ನಲ್ಲಿ ಅನೇಕ ಸಲ ಹೆಸರೇ ಇರುವುದಿಲ್ಲ, ‘ಅಪರಿಚಿತ ಇಬ್ಬರು’ ಎಂದಿರುತ್ತದೆ. ಹಾಗಾದರೆ ಇವನೇ ಅಂತ ಹೇಗೆ ಗೊತ್ತಾಯಿತು? ಗುರುತು ಪತ್ತೆ ಪರೇಡ್ ಆಯಿತಾ? ಸಿಸಿಟಿವಿಯಲ್ಲಿ ಮುಖ ಕಾಣುತ್ತದಾ? ಚೈನು ಇವನ ಹತ್ತಿರ ಸಿಕ್ಕಿತಾ, ಮಹಜರು ಸರಿಯಾಗಿ ಆಯಿತಾ? ಪೊಲೀಸರ ಮುಂದೆ ಒಪ್ಪಿಕೊಂಡ ಅನ್ನೋ ಮಾತು ಸಾಕ್ಷ್ಯವಾಗುವುದಿಲ್ಲ. ಅವನು ಹೇಳಿದ ಜಾಗದಲ್ಲಿ ವಸ್ತು ಸಿಕ್ಕರೆ, ಆ ಸಿಕ್ಕಿದ್ದಕ್ಕೆ ಸಂಬಂಧಪಟ್ಟಷ್ಟು ಮಾತ್ರ ಆಗುತ್ತದೆ. ‘ಸಹ ಆರೋಪಿ ಇವನ ಹೆಸರು ಹೇಳಿದ’ ಎಂಬುದೊಂದೇ ಇದ್ದರೆ ಕೊಂಡಿ ಸಡಿಲ.

ಎರಡನೆಯದು ಗಾಯ. ಹಲ್ಲೆ ಪ್ರಕರಣಗಳಲ್ಲಿ ಇದೇ ಮುಖ್ಯ. ಆಸ್ಪತ್ರೆಯ ಗಾಯದ ಸರ್ಟಿಫಿಕೇಟ್ ‘ಸಾಮಾನ್ಯ’ ಅನ್ನುತ್ತದೋ ‘ತೀವ್ರ’ ಅನ್ನುತ್ತದೋ? ಏಟು ಬಿದ್ದದ್ದು ತಲೆಗೋ, ಮೊಣಕಾಲಿಗೋ? ಆಯುಧ ಏನು? ಗಾಯಾಳು ಡಿಸ್ಚಾರ್ಜ್ ಆಗಿ ಮನೆಗೆ ಹೋದರಾ, ಇನ್ನೂ ಐಸಿಯುನಲ್ಲಿದ್ದಾರಾ? ಗುಂಪು ಹೊಡೆದಾಟವಾದರೆ, ಮಚ್ಚು ಬೀಸಿದವನು ಯಾರು, ಸುಮ್ಮನೆ ನಿಂತಿದ್ದವನು ಯಾರು? ಒಂದೇ ಪಾತ್ರದ ಇಬ್ಬರಲ್ಲಿ ಒಬ್ಬನಿಗೆ ಜಾಮೀನು ಸಿಕ್ಕಿದ್ದರೆ ಇನ್ನೊಬ್ಬನೂ ಅದನ್ನು ಕೇಳಬಹುದು. ಪಾತ್ರ ಬೇರೆಯಾದರೆ ಅದು ನಡೆಯುವುದಿಲ್ಲ.

ಮೂರನೆಯದು ತನಿಖೆಯ ಹಂತ. ಮೊದಲ ವಾರದಲ್ಲಿ ತಿರಸ್ಕೃತವಾದ ಅರ್ಜಿ ಎರಡು ತಿಂಗಳ ನಂತರ ಮಂಜೂರಾದರೆ ‘ದುಡ್ಡು ಕೆಲಸ ಮಾಡ್ತು’ ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ನಡುವೆ ಆಗಿರುವುದು ಇಷ್ಟೇ: ವಸ್ತು ಸಿಕ್ಕಿದೆ, ಸಾಕ್ಷಿಗಳ ಹೇಳಿಕೆ ಆಗಿದೆ, ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದೆ. ಇನ್ನು ಅವನನ್ನು ಒಳಗಿಟ್ಟು ಪೊಲೀಸರಿಗೆ ಆಗಬೇಕಾದ ಕೆಲಸವಿಲ್ಲ. ದೋಷಾರೋಪ ಪಟ್ಟಿ ತಡವಾದರೆ ಅರ್ಹತೆಯ ಮಾತೇ ಇಲ್ಲ. ಕಸಿಯುವಿಕೆಯಂಥ ಕೇಸಿನಲ್ಲಿ 60 ದಿನ, ಜೀವಾವಧಿ ಶಿಕ್ಷೆಯ ಕೇಸಿನಲ್ಲಿ 90 ದಿನ ಮೀರಿದರೆ ಜಾಮೀನು ಆರೋಪಿಯ ಹಕ್ಕು. ಅಲ್ಲಿ ‘ಬಿಟ್ಟಿದ್ದು’ ಕೋರ್ಟಲ್ಲ, ತನಿಖೆಯ ವಿಳಂಬ.

ಇಷ್ಟೆಲ್ಲ ನೋಡಿದರೂ ಕೋರ್ಟು ಸಾಕ್ಷ್ಯವನ್ನು ಅಳೆದು ತೂಗಿ ತೀರ್ಪು ಕೊಡುವಂತಿಲ್ಲ. ಚಿತ್ರದುರ್ಗದ ವ್ಯಕ್ತಿಯೊಬ್ಬರ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಅವರಿಗೆ ಹೈಕೋರ್ಟ್ 2024ರ ಡಿಸೆಂಬರಿನಲ್ಲಿ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದು ಮಾಡಿದಾಗ ಆಕ್ಷೇಪಿಸಿದ್ದರಲ್ಲಿ ಇದೂ ಒಂದು: ಜಾಮೀನು ಹಂತದಲ್ಲೇ ವಿಚಾರಣೆ ನಡೆಸಿದಂತೆ ಸಾಕ್ಷ್ಯ ಪರಿಶೀಲನೆ. ಅಂದರೆ ಕೊಟ್ಟರೂ ಕೊಡದಿದ್ದರೂ ಕಾರಣ ಬೇಕು, ಆದರೆ ಆ ಕಾರಣ ತೀರ್ಪಿನಂತೆ ಇರಬಾರದು. ಹಗ್ಗದ ಮೇಲಿನ ನಡಿಗೆ ಅದು.

ನಾಲ್ಕನೆಯದು ಪೂರ್ವಾಪರ. ‘ಇವನ ಮೇಲೆ ಹಿಂದೆ ಕೇಸಿದೆಯಾ?’ ಸುಲಿಗೆ ಕೇಸಿನಲ್ಲಿ ಇದರ ತೂಕ ಜಾಸ್ತಿ, ಇದರ ಇತಿಹಾಸವೂ ಭಾರವಾದದ್ದು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನೇ ಹುಟ್ಟು ಕಳ್ಳರು ಎಂದು ಪಟ್ಟಿ ಮಾಡಿತು. ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಟ್ಟಿದ್ದ ಜಾಗಕ್ಕೆ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಇವತ್ತಿಗೂ ಅಂಟಿಕೊಂಡಿದೆ. ಆ ಕಾನೂನು 1952ರಲ್ಲಿ ಹೋಯಿತು, ಸಂಶಯದ ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ. ಆದ್ದರಿಂದಲೇ ವ್ಯತ್ಯಾಸ ಗಮನಿಸಬೇಕು. ‘ಹಿಂದೆ ಶಿಕ್ಷೆಯಾಗಿದೆ’ ಎಂಬುದು ಒಂದು. ‘ಹಿಂದೆ ಕೇಸು ಹಾಕಿದ್ದಾರೆ’ ಎಂಬುದು ಇನ್ನೊಂದು. ಹಲವು ಕೇಸು ಬಾಕಿ ಇವೆ ಎಂಬುದೊಂದೇ ಜಾಮೀನು ನಿರಾಕರಣೆಗೆ ಆಧಾರವಾಗದು ಎಂದು ಸುಪ್ರೀಂ ಕೋರ್ಟ್ 2020ರ ಪ್ರಭಾಕರ್ ತಿವಾರಿ ಪ್ರಕರಣದಲ್ಲಿ ಹೇಳಿದೆ. ಹಾಗಂತ ಜಾಮೀನಿನ ಮೇಲೆ ಹೊರಬಂದು ಅದೇ ರೀತಿಯ ಇನ್ನೊಂದು ಸುಲಿಗೆಯಲ್ಲಿ ಸಿಕ್ಕಿಬಿದ್ದವನ ಬಗ್ಗೆ ನ್ಯಾಯಾಧೀಶರು ಕಣ್ಣು ಮುಚ್ಚಿಕೊಳ್ಳಬೇಕಾಗಿಲ್ಲ.

ಐದನೆಯದನ್ನು ಕೊನೆಯಲ್ಲಿ ಇಟ್ಟಿದ್ದು ಬೇಕೆಂದೇ: ಏಟು ತಿಂದವರ ಭಯ. ಒಂದೇ ಬಡಾವಣೆ, ಒಂದೇ ಹಾಲಿನ ಬೂತು. ತನ್ನ ಕೊರಳಿಗೆ ಕೈ ಹಾಕಿದವನು ಎಂದು ತಾನು ಗುರುತಿಸಿದ ವ್ಯಕ್ತಿಯೇ ಬೆಳಿಗ್ಗೆ ಎದುರಿಗೆ ಬಂದು ನಿಂತರೆ ಯಾವ ಹೆಣ್ಣುಮಗಳು ಧೈರ್ಯವಾಗಿ ಸಾಕ್ಷಿ ಹೇಳುತ್ತಾಳೆ? ಇದು ಟೀ ಅಂಗಡಿಯ ಸಿಟ್ಟಲ್ಲ, ನಿಜವಾದ ಪ್ರಶ್ನೆ. ಜಗಜೀತ್ ಸಿಂಗ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್, ಜಾಮೀನು ಹಂತದಲ್ಲೂ ಸಂತ್ರಸ್ತರ ಮಾತು ಕೇಳಬೇಕು ಎಂದಿತು. ಷರತ್ತುಗಳು ಹುಟ್ಟುವುದೇ ಇಲ್ಲಿಂದ: ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ, ಸಾಕ್ಷಿಗಳ ಹತ್ತಿರ ಸುಳಿಯಬಾರದು, ಅಪ್ಪಣೆ ಇಲ್ಲದೆ ಜಿಲ್ಲೆ ಬಿಡಬಾರದು, ಕೆಲವೊಮ್ಮೆ ಆ ಬಡಾವಣೆಗೇ ಕಾಲಿಡಬಾರದು. ಮುರಿದರೆ ಜಾಮೀನು ರದ್ದು ಮಾಡಿ ಎಂದು ಕೇಳಬಹುದು. ಕೇಳಬಹುದು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇಲ್ಲಿಯವರೆಗೆ ಬಂದ ಮೇಲೆ ಆದೇಶ ಹೊರಡುತ್ತದೆ. ‘ಇಷ್ಟು ಮೊತ್ತದ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬರು ಅಥವಾ ಇಬ್ಬರ ಭದ್ರತೆ.’ ನಮಗೆ ಕತೆ ಅಲ್ಲಿಗೆ ಮುಗಿಯುತ್ತದೆ. ಜೈಲಿನಲ್ಲಿರುವವನಿಗೆ ಅರ್ಧ ಕತೆ ಅಲ್ಲಿಂದ ಶುರು.

ಭದ್ರತೆಗೆ ಬರುವವರು ಪಹಣಿಯನ್ನೋ ಮನೆಯ ಖಾತೆ, ಕಂದಾಯ ರಸೀದಿಯನ್ನೋ ತರಬೇಕು, ಆಧಾರ್ ತರಬೇಕು, ನ್ಯಾಯಾಧೀಶರ ಮುಂದೆ ನಿಂತು ‘ಇವನು ನನಗೆ ಗೊತ್ತು’ ಅನ್ನಬೇಕು. ಹರಿಹರದ ಹತ್ತಿರ ಎರಡೆಕರೆ ಗದ್ದೆ ಇರುವ ದೊಡ್ಡಪ್ಪ ಇದ್ದವನು ಅದೇ ವಾರ ಹೊರಗೆ. ಅದೇ ಕೇಸಿನಲ್ಲಿ, ಅದೇ ಆದೇಶ ಪಡೆದ, ಬೇರೆ ಜಿಲ್ಲೆಯಿಂದ ಗಾರೆ ಕೆಲಸಕ್ಕೆ ಬಂದು ಶೆಡ್ಡಿನಲ್ಲಿದ್ದವನು ಒಳಗೆ. ಇಬ್ಬರ ಅಪರಾಧದಲ್ಲಿ ಕೂದಲೆಳೆಯ ವ್ಯತ್ಯಾಸ ಇಲ್ಲದಿರಬಹುದು. ವ್ಯತ್ಯಾಸ ಪಹಣಿಯಲ್ಲಿ.

1978ರ ಮೋತಿರಾಮ್ ಪ್ರಕರಣ ಇದೇ. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನು. ಸುಪ್ರೀಂ ಕೋರ್ಟೇ ಬಿಡಲು ಹೇಳಿದ್ದರೂ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಭದ್ರತೆ ಕೇಳಿದರು. ಅಣ್ಣತಮ್ಮಂದಿರಲ್ಲೊಬ್ಬ ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯದು ಎಂದು ತಳ್ಳಿದರು. ಆಗ ಕೃಷ್ಣ ಅಯ್ಯರ್ ಕೇಳಿದ ಪ್ರಶ್ನೆಯಲ್ಲಿ ನಾವೂ ಇದ್ದೇವೆ: ಒಬ್ಬ ಕನ್ನಡಿಗನೋ ಮಲಯಾಳಿಯೋ ಬಸ್ತರಿನಲ್ಲೋ ಚಾಂದನಿ ಚೌಕದಲ್ಲೋ ಬಂಧನಕ್ಕೊಳಗಾದರೆ, ಅಲ್ಲಿ ಆಸ್ತಿ ಇರುವ ಹೊಣೆಗಾರರನ್ನು ಎಲ್ಲಿಂದ ತರಬೇಕು? ಕೊನೆಗೆ 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಅವನನ್ನು ಬಿಡುವಂತಾಯಿತು. ನಲವತ್ತೈದು ವರ್ಷದ ಮೇಲೆ, 2023ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ಮತ್ತೆ ಅದನ್ನೇ ಹೇಳಬೇಕಾಯಿತು: ಸ್ಥಳೀಯ ಭದ್ರತೆಯ ಹಟದಿಂದ ಬಿಡುಗಡೆ ತಡವಾಗುತ್ತಿದೆ, ಅಂಥ ಕಡೆ ಆ ಷರತ್ತು ಬೇಡ, ಒಂದು ತಿಂಗಳಾದರೂ ಭದ್ರತೆ ಕೊಡಲಾಗದಿದ್ದರೆ ಕೋರ್ಟು ತಾನಾಗಿ ಷರತ್ತು ಸಡಿಲಿಸುವುದನ್ನು ಯೋಚಿಸಬಹುದು.

ಕಾತ್ಯಾಯನನ ಕಾವಲುಗಾರನ ಕೂಲಿ ನೆನಪಿದೆಯಲ್ಲ? ಇವತ್ತು ಯಾರೂ ಕೈದಿಯಿಂದ ಕೂಲಿ ಕೇಳುವುದಿಲ್ಲ. ಆದರೆ ಹೊಣೆಗಾರನಿಲ್ಲದವನು ಕೆಲಸ ಕಳೆದುಕೊಳ್ಳುತ್ತಾನೆ, ಬಾಡಿಗೆ ಮನೆ ಕಳೆದುಕೊಳ್ಳುತ್ತಾನೆ, ಮಗಳ ಶಾಲೆಯ ಒಂದು ವರ್ಷ ಕಳೆದುಕೊಳ್ಳುತ್ತಾನೆ. ಕೂಲಿ ಕಟ್ಟುವುದು ಹೀಗೆ. 2022ರ ಕೊನೆಯ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ಶೇ 75.8.

ಹೊಸ ಸಂಹಿತೆಯ 479ನೇ ಕಲಂ ಇವರಲ್ಲಿ ಕೆಲವರಿಗೆ ಬಾಗಿಲು ತೆರೆದಿದೆ. ಮೊದಲ ಸಲ ಸಿಕ್ಕಿಬಿದ್ದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕು. ಆದರೆ ಹಳೆಯ ಸಂಹಿತೆಯ ಇಂಥದ್ದೇ ಕಲಂ ಮರಣದಂಡನೆಯ ಅಪರಾಧಗಳನ್ನು ಮಾತ್ರ ಹೊರಗಿಟ್ಟಿತ್ತು. ಹೊಸದು ಜೀವಾವಧಿಯದನ್ನೂ ಹೊರಗಿಟ್ಟಿದೆ. ಹಾಗಾಗಿ ಸುಲಿಗೆಯಲ್ಲಿ ಗಾಯ ಮಾಡಿದ ಎಂಬ ಆರೋಪ ಹೊತ್ತವನಿಗೆ, ಆ ಗಾಯ ಎಷ್ಟೇ ಚಿಕ್ಕದಿರಲಿ, ಈ ಬಾಗಿಲು ಮುಚ್ಚಿದೆ. ಕರಿನೀರಿನ ನೆರಳು ಈ ಕಡೆ ಇನ್ನೂ ಸ್ವಲ್ಪ ಉದ್ದವೇ ಆಯಿತು.

ಒಂದು ಮಾತು ಖಚಿತ: ಜಾಮೀನು ಸಿಕ್ಕವನು ನಿರ್ದೋಷಿ ಅಂತಲ್ಲ, ಸಿಗದವನು ಅಪರಾಧಿ ಅಂತಲೂ ಅಲ್ಲ. ಸುಲಿಗೆ ಮಾಡಿದವನಿಗೆ ಶಿಕ್ಷೆಯಾಗಬೇಕೆಂಬ ನಮ್ಮ ಸಿಟ್ಟು ನ್ಯಾಯವಾದದ್ದೇ. ಅದನ್ನು ವಿಚಾರಣೆ ಯಾಕೆ ಐದು ವರ್ಷ ಎಳೆಯುತ್ತದೆ, ಗುರುತು ಪತ್ತೆ ಪರೇಡ್ ಯಾಕೆ ಹೊತ್ತಿಗೆ ಸರಿಯಾಗಿ ಆಗಲಿಲ್ಲ, ಸಾಕ್ಷಿಗೆ ರಕ್ಷಣೆ ಯಾಕಿಲ್ಲ ಎಂಬ ಕಡೆಗೆ ತಿರುಗಿಸಿದರೆ ಉಪಯೋಗವಿದೆ. ಜಾಮೀನು ಆದೇಶದ ಮೇಲೆ ತೀರಿಸಿಕೊಂಡರೆ ಅದು ತಟ್ಟುವುದು ಬಹುಪಾಲು ಪಹಣಿ ಇಲ್ಲದವನಿಗೆ.

ನಾವು ಬಾಡಿಗೆ ಮನೆಗಳಲ್ಲಿರುವ, ಊರು ಬಿಟ್ಟು ಊರಲ್ಲಿರುವ ಜನ. ನಮ್ಮಲ್ಲಿ ಎಷ್ಟು ಮಂದಿಗೆ ಬೆಂಗಳೂರಿನ ಕೋರ್ಟಿನಲ್ಲಿ ಬಂದು ಹೊಣೆ ನಿಲ್ಲುವವರಿದ್ದಾರೆ? ನಮ್ಮ ಮನೆಗೆ ದಿನಸಿ ತಂದುಕೊಡುವ ಹುಡುಗನಿಗೆ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಬಂಧನದಲ್ಲಿರುವ ಯಾರಿಗೇ ಆದರೂ ಉಚಿತವಾಗಿ ವಕೀಲರನ್ನು ಕೊಡುತ್ತದೆ. 1987ರ ಕಾಯಿದೆಯಲ್ಲಿ ಅದು ಹಕ್ಕು. ಜಾಮೀನು ಆದೇಶವಾಗಿ ತಿಂಗಳು ಕಳೆದರೂ ಹೊರಬರದವರು ನಿಮಗೆ ಗೊತ್ತಿದ್ದರೆ ಅವರ ಮನೆಯವರಿಗೆ ಇದನ್ನು ತಿಳಿಸಿ. ವಕೀಲರು ಸಿಗುತ್ತಾರೆ, ಅರ್ಜಿಯೂ ಆಗುತ್ತದೆ. ‘ಇವನು ನನಗೆ ಗೊತ್ತು’ ಎಂದು ಹೇಳುವವರು ಮಾತ್ರ ಯಾವ ಪ್ರಾಧಿಕಾರದಲ್ಲೂ ಸಿಗುವುದಿಲ್ಲ.